ನೀಲಿ ಪರದೆ ಮಿಂಚಿ ಮರೆಯಾದಾಗ

ಪ್ರಶ್ನೆ: ನನ್ನ ವಿಂಡೋಸ್ 10 ಡೆಸ್ಕ್‌ಟಾಪ್ ವಾರಕ್ಕೆ ಎರಡು ಮೂರು ಸಲ ತನ್ನಷ್ಟಕ್ಕೇ ರೀಸ್ಟಾರ್ಟ್ ಆಗುತ್ತದೆ. ನೀಲಿ ಪರದೆ ಬರುತ್ತದೆ, ಓದುವಷ್ಟರಲ್ಲಿ ಮಾಯ. ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಎಂದಿದೆ. ಪವರ್ ಸಪ್ಲೈ ಬದಲಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. 41 ಎಂಬ ದಾಖಲೆಯ ಅರ್ಥ ಇಷ್ಟೇ: ಕಂಪ್ಯೂಟರ್ ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಿಲ್ಲ. ಕರೆಂಟು ಹೋದರೂ, ಬಟನ್ ಒತ್ತಿ ಹಿಡಿದು ಆರಿಸಿದರೂ, ನೀಲಿ ಪರದೆ ಬಂದರೂ ಅದೇ ಸಾಲು. ಹೆಸರಿನಲ್ಲಿ ‘ಪವರ್’ ಇದೆಯೆಂದು ಪವರ್ ಸಪ್ಲೈ ಮೇಲೆ ಗೂಬೆ ಕೂರಿಸಬಾರದು. ಅದು ಕೈಕೊಟ್ಟಾಗ ಸಾಮಾನ್ಯವಾಗಿ ಮಷಿನ್ ಥಟ್ಟನೆ ಆರಿಹೋಗುತ್ತದೆ, ನೀಲಿ ಪರದೆ ತೋರಿಸಲು ವಿಂಡೋಸ್‌ಗೆ ಪುರಸೊತ್ತೇ ಇರುವುದಿಲ್ಲ.

ಮೊದಲು ಆ ಪರದೆ ನಿಲ್ಲುವಂತೆ ಮಾಡಿ. ಸ್ಟಾರ್ಟ್‌ನಲ್ಲಿ ‘ವ್ಯೂ ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್’ ಹುಡುಕಿ ತೆರೆಯಿರಿ. ‘ಸ್ಟಾರ್ಟ್‌ಅಪ್ ಆಂಡ್ ರಿಕವರಿ’ ಕೆಳಗಿನ ಸೆಟ್ಟಿಂಗ್ಸ್ ಒತ್ತಿ, ‘ಆಟೋಮ್ಯಾಟಿಕಲಿ ರೀಸ್ಟಾರ್ಟ್’ ಮುಂದಿನ ಟಿಕ್ ತೆಗೆಯಿರಿ. ಅಲ್ಲೇ ಕೆಳಗೆ ‘ಸ್ಮಾಲ್ ಮೆಮೊರಿ ಡಂಪ್ (256 ಕೆಬಿ)’ ಆರಿಸಿ. ಇನ್ನು ಪ್ರತಿ ಕ್ರ್ಯಾಶ್‌ಗೂ ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನೊಳಗೆ ‘ಮಿನಿಡಂಪ್’ ಎಂಬಲ್ಲಿ ಒಂದು ಡಂಪ್, ಅಂದರೆ ಆ ಕ್ಷಣದ ಮೆಮೊರಿಯ ವಿವರ ಬರೆದಿಟ್ಟ ಫೈಲ್, ಉಳಿಯುತ್ತದೆ. ಜಾಗ ಉಳಿಸಲೆಂದು ಪೇಜಿಂಗ್ ಫೈಲ್ (ರ್‍ಯಾಮ್‌ಗೆ ಪೂರಕವಾಗಿ ವಿಂಡೋಸ್ ಡಿಸ್ಕ್‌ನಲ್ಲಿ ಬಳಸುವ ಜಾಗ) ಆಫ್ ಮಾಡಿದ್ದರೆ ಆನ್ ಮಾಡಿ, ಇಲ್ಲವಾದರೆ ಡಂಪ್ ಸಿಗುವುದಿಲ್ಲ.

ಮುಂದಿನ ಸಲ ಪರದೆಯ ಫೋಟೊ ತೆಗೆದುಕೊಳ್ಳಿ. ಸ್ಟಾಪ್ ಕೋಡ್, ಅಂದರೆ ಯಾವ ಬಗೆಯ ದೋಷ ಎಂಬುದರ ಹೆಸರು, ಇದ್ದೇ ಇರುತ್ತದೆ. ಅದೃಷ್ಟವಿದ್ದರೆ ‘ವಾಟ್ ಫೇಲ್ಡ್’ ಎದುರು ‘ಡಾಟ್ ಸಿಸ್’ ಎಂದು ಕೊನೆಗೊಳ್ಳುವ ಫೈಲ್ ಹೆಸರೂ ಇರುತ್ತದೆ. ಅದು ಗ್ರಾಫಿಕ್ಸ್ ಅಥವಾ ವೈ-ಫೈ ಡ್ರೈವರ್‌ದಾದರೆ ಅರ್ಧ ಕೆಲಸ ಮುಗಿಯಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಸಾಧನದ ಪ್ರಾಪರ್ಟೀಸ್, ಡ್ರೈವರ್ ಟ್ಯಾಬ್, ‘ರೋಲ್ ಬ್ಯಾಕ್ ಡ್ರೈವರ್’. ಆ ಬಟನ್ ಮಸುಕಾಗಿದ್ದರೆ ತಯಾರಕರ ತಾಣದಿಂದಲೇ ಡ್ರೈವರ್ ಇಳಿಸಿ ಹಾಕಿ. ‘ಎನ್‌ಟಿಓಎಸ್‌ಕೆಆರ್‌ಎನ್‌ಎಲ್’ ಎಂಬ ಹೆಸರು ಕಂಡರೆ ಮಾತ್ರ ನಂಬಬೇಡಿ. ಅದು ವಿಂಡೋಸ್‌ನ ತಿರುಳು. ಬಹುತೇಕ ಬೇರೆ ಯಾರೋ ಮಾಡಿದ ತಪ್ಪು ಅದರ ಅಂಗಳದಲ್ಲಿ ಬಯಲಾಗಿರುತ್ತದೆ.

ಕೋಡ್ ಪ್ರತಿ ಸಲ ಬೇರೆಯೇ? ಇಂದು ‘ಮೆಮೊರಿ ಮ್ಯಾನೇಜ್‌ಮೆಂಟ್’, ನಾಳೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದಾದರೆ ರ್‍ಯಾಮ್ ಮೇಲೆ ಕಣ್ಣಿಡಿ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ಸ್ ಪರದೆ) ಎಕ್ಸ್‌ಎಂಪಿ, ಅಂದರೆ ರ್‍ಯಾಮ್ ವೇಗ ಹೆಚ್ಚಿಸುವ ಸೆಟ್ಟಿಂಗ್, ಆನ್ ಇದ್ದರೆ ಮೊದಲು ಆಫ್ ಮಾಡಿ ನೋಡಿ. ನಂತರ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ನಡೆಸಿ. ಪರೀಕ್ಷೆ ಶುರುವಾದ ಮೇಲೆ ಎಫ್1 ಒತ್ತಿ ‘ಎಕ್ಸ್‌ಟೆಂಡೆಡ್’ ಆರಿಸಿ ಎಫ್10 ಒತ್ತಿ, ರಾತ್ರಿಯಿಡೀ ಬಿಡಿ. ದೋಷ ತೋರಿಸಿದರೆ ನಂಬಿ, ತೋರಿಸದಿದ್ದರೆ ಪೂರ್ತಿ ನಂಬಬೇಡಿ. ಎರಡು ರ್‍ಯಾಮ್ ಕಡ್ಡಿಗಳಿದ್ದರೆ ಪ್ಲಗ್ ಕಿತ್ತು, ಒಂದನ್ನು ತೆಗೆದಿಟ್ಟು ಬಳಸಿ. ನಿಮ್ಮದು ವಾರಕ್ಕೆ ಎರಡು ಮೂರು ಸಲ ಬೀಳುವ ಮಷಿನ್. ಒಂದು ದಿನ ಸುಮ್ಮನಿದ್ದರೆ ಏನೂ ಸಾಬೀತಾಗದು, ಹತ್ತು ದಿನವಾದರೂ ಕಾಯಬೇಕು. ಕೆಟ್ಟ ರ್‍ಯಾಮ್ ಇಟ್ಟುಕೊಂಡು ವಿಂಡೋಸ್ ಮರುಸ್ಥಾಪಿಸಿದರೆ ಹೊಸ ಫೈಲ್‌ಗಳೂ ಕೆಡಬಹುದು. ಅಂದಹಾಗೆ, ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಪ್ರಶ್ನೆ: ವಿಂಡೋಸ್‌ನ ಫೈಲ್‌ಗಳನ್ನು ತಪಾಸಣೆ ಮಾಡುವ ‘ಎಸ್‌ಎಫ್‌ಸಿ ಸ್ಕ್ಯಾನ್‌ನೌ’ ಕಮಾಂಡ್ ನಡೆಸಿದೆ. ಕೆಟ್ಟ ಫೈಲ್‌ಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗಲಿಲ್ಲ ಎನ್ನುತ್ತದೆ. ಮುಂದೇನು?

ಉತ್ತರ: ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತರುವುದು ವಿಂಡೋಸ್‌ನ ಸ್ವಂತ ಉಗ್ರಾಣದಿಂದ. ಉಗ್ರಾಣವೇ ಕೆಟ್ಟಿದ್ದರೆ ಅದು ಕೈಚೆಲ್ಲುತ್ತದೆ. ಹಾಗಾಗಿ ಇಂಟರ್ನೆಟ್ ಇಟ್ಟುಕೊಂಡು, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ: ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್ (DISM /Online /Cleanup-Image /RestoreHealth). ಇದು ಆ ಉಗ್ರಾಣವನ್ನೇ ಸರಿಪಡಿಸುತ್ತದೆ. ಪ್ರತಿ ಓರೆಗೆರೆಗೆ ಮೊದಲು ಒಂದು ಸ್ಪೇಸ್ ಇರಲಿ, ಅದರ ನಂತರ ಬೇಡ. ‘ರಿಸ್ಟೋರ್‌ಹೆಲ್ತ್’ ಒಂದೇ ಪದ. ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತಂತೆ ಕಂಡರೂ ಮುಚ್ಚಬೇಡಿ. ಮುಗಿದ ಮೇಲೆ ಎಸ್‌ಎಫ್‌ಸಿ ಮತ್ತೊಮ್ಮೆ ನಡೆಸಿ.

ವಾರದೊಳಗೆ ಫೈಲ್‌ಗಳು ಮತ್ತೆ ಕೆಟ್ಟರೆ ಈವೆಂಟ್ ವ್ಯೂವರ್‌ನ ಸಿಸ್ಟಮ್ ಲಾಗ್‌ನಲ್ಲಿ ‘ಡಿಸ್ಕ್’ ಮೂಲದ ಈವೆಂಟ್ 7 ಇದೆಯೇ ನೋಡಿ. ಇದ್ದರೆ ಡಿಸ್ಕ್‌ನಲ್ಲಿ ಬ್ಯಾಡ್ ಬ್ಲಾಕ್ (ಕೆಟ್ಟುಹೋದ ಭಾಗ) ಇದೆ. ಆಗ ಮೊದಲು ಡೇಟಾ ಬೇರೆಡೆ ನಕಲಿಸಿಕೊಳ್ಳಿ, ಆಮೇಲೆ ಅದೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಚೆಕ್‌ಡಿಸ್ಕ್ /ಆರ್’ (chkdsk /r) ನಡೆಸಿ. ಅದು ಡಿಸ್ಕ್‌ನ ಉದ್ದಗಲವನ್ನೂ ಓದುತ್ತದೆ. ಸಾಯುವ ಡಿಸ್ಕ್‌ಗೆ ಅದೇ ಕೊನೆಯ ಓಟವಾದೀತು.

ಪ್ರಶ್ನೆ: ಒಂದೇ ಒಂದು ಸಾಫ್ಟ್‌ವೇರ್ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಉಳಿದವೆಲ್ಲ ಸರಿ. ವಿಂಡೋಸ್ ಮರುಸ್ಥಾಪಿಸಲೇ?

ಉತ್ತರ: ಖಂಡಿತ ಬೇಡ. ಈವೆಂಟ್ ವ್ಯೂವರ್‌ನ ಅಪ್ಲಿಕೇಶನ್ ಲಾಗ್‌ನಲ್ಲಿ ಈವೆಂಟ್ 1000 ತೆರೆದು ‘ಫಾಲ್ಟಿಂಗ್ ಮಾಡ್ಯೂಲ್ ನೇಮ್’ ಓದಿ. ಅಲ್ಲಿ ಯಾವುದಾದರೂ ಪ್ಲಗ್‌ಇನ್‌ನ ಹೆಸರಿದ್ದರೆ ಅದನ್ನು ತೆಗೆಯಿರಿ, ಆ ಸಾಫ್ಟ್‌ವೇರ್‌ನದೇ ಹೆಸರಿದ್ದರೆ ಅದನ್ನಷ್ಟೇ ಕಿತ್ತು ಹೊಸ ಆವೃತ್ತಿ ಹಾಕಿ.