ಕಬ್ಬಿಣದ ಚೂರಿಂದ ನೀರಲ್ಲಿರೋ ಟ್ರೈಕ್ಲೋರೋಎಥಿಲೀನ್ (ಲೋಹದ ಜಿಡ್ಡು ತೆಗೆಯೋಕೆ ಬಳಸೋ, ಕ್ಲೋರಿನ್ ಇರೋ ದ್ರಾವಕ) ನಿಜವಾಗ್ಲೂ ಹೋಗುತ್ತಾ?

ಹೋಗುತ್ತೆ. ಆದ್ರೆ ಫಿಲ್ಟರ್ ತರ ಹಿಡಿದಿಟ್ಟುಕೊಳ್ಳಲ್ಲ, ಅಣುವನ್ನೇ ಒಡೆದುಹಾಕುತ್ತೆ, ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಇದೇ. ಲೋಹದ ಕಬ್ಬಿಣ ತುಕ್ಕು ಹಿಡಿಯುವಾಗ ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಕಬ್ಬಿಣದ ಮೇಲ್ಮೈಗೆ ಬಂದು ತಾಗಿದ ಟ್ರೈಕ್ಲೋರೋಎಥಿಲೀನ್ ಅದನ್ನ ತಗೊಂಡು ತನ್ನ ಕ್ಲೋರಿನ್ ಕಳಕೊಳ್ಳುತ್ತೆ, ಕೊನೆಗೆ ಉಳಿಯೋದು ಹೆಚ್ಚಾಗಿ ಎಥೀನ್, ಈಥೇನ್ ಅನ್ನೋ ಅನಿಲಗಳು ಮತ್ತೆ ಕ್ಲೋರೈಡ್.

ಮಧ್ಯದಲ್ಲಿ ವಿನೈಲ್ ಕ್ಲೋರೈಡ್ ಹುಟ್ಟೋ ಭಯ ಇದೆ, ಅದು ಕ್ಯಾನ್ಸರ್ ತರೋ ವಸ್ತು, ಆದ್ರೆ ಕಬ್ಬಿಣದ ಜೊತೆ ಮುಖ್ಯವಾಗಿ ಕ್ಲೋರೋಅಸಿಟಿಲೀನ್ ಅನ್ನೋ ಬೇರೆ ಮಧ್ಯಂತರ ವಸ್ತುವಿನ ದಾರಿಲಿ ರಿಯಾಕ್ಷನ್ ನಡೆಯೋದ್ರಿಂದ ವಿನೈಲ್ ಕ್ಲೋರೈಡ್ ಕಮ್ಮಿನೇ ಬರುತ್ತೆ, ಬಂದಿದ್ದೂ ನಿಧಾನಕ್ಕೆ ಒಡೆಯುತ್ತೆ, ಅದಕ್ಕೇ ನೀರು ಕಬ್ಬಿಣದ ಜೊತೆ ಸಾಕಷ್ಟು ಹೊತ್ತು ಇರಲೇಬೇಕು.

ಕೆನಡಾದ ವಾಟರ್‌ಲೂ ಯೂನಿವರ್ಸಿಟಿಯ ರಾಬರ್ಟ್ ಗಿಲ್‌ಹ್ಯಾಮ್ ತಂಡ 1991ರಲ್ಲಿ ಬೋರ್ಡನ್ ಅನ್ನೋ ಜಾಗದಲ್ಲಿ ಕಬ್ಬಿಣದ ಚೂರನ್ನ ಮರಳಿನ ಜೊತೆ ಬೆರೆಸಿ ಅಂತರ್ಜಲ ಹರಿಯೋ ದಾರಿಗೆ ಅಡ್ಡಲಾಗಿ ನೆಲದೊಳಗೆ ಗೋಡೆ ತರ ತುಂಬಿಸಿ ಟೆಸ್ಟ್ ಮಾಡಿತ್ತು. ಪಂಪ್ ಬೇಡ, ಕರೆಂಟ್ ಬೇಡ, ನೀರು ತಾನಾಗೇ ಹಾದುಹೋಗುತ್ತೆ.

ತೊಂದರೆ ಇಲ್ಲ ಅಂತಲ್ಲ. ರಿಯಾಕ್ಷನ್ ನಡೀತಾ ಪಿಎಚ್ ಏರುತ್ತೆ, ಕಾರ್ಬೊನೇಟ್ ಕೂತು ಕಬ್ಬಿಣದ ಮೇಲೆ ಪದರ ಕಟ್ಟುತ್ತೆ, ವರ್ಷ ಕಳೆದ ಹಾಗೆ ಸ್ಪೀಡ್ ಇಳಿಯುತ್ತೆ. ನೀರಲ್ಲಿ ಆಕ್ಸಿಜನ್, ನೈಟ್ರೇಟ್ ಜಾಸ್ತಿ ಇದ್ರೆ ಅವೂ ಎಲೆಕ್ಟ್ರಾನ್‌ಗೆ ಪೈಪೋಟಿ ಮಾಡ್ತವೆ. ಮತ್ತೆ ಡೈಕ್ಲೋರೋಮೀಥೇನ್ ಅನ್ನೋ ಇನ್ನೊಂದು ಕ್ಲೋರಿನ್ ದ್ರಾವಕದ ಮೇಲೆ ಬರೀ ಕಬ್ಬಿಣ ಕೆಲಸ ಮಾಡಲ್ಲ ಅಂತಲೇ ಇಟ್ಕೊಳ್ಳಿ, ಹಾಗಾಗಿ ನೀರಲ್ಲಿ ಏನೇನು ಸೇರಿದೆ ಅಂತ ಮೊದಲು ಲ್ಯಾಬ್‌ನಲ್ಲಿ ಟೆಸ್ಟ್ ಮಾಡಿಸಿ.