ಗಾಳ ಹಿಡಿದು ಹೊರಟರೆ ಬೆಳಗಿನವರೆಗೆ ಸುದ್ದಿಯಿಲ್ಲ

ಪ್ರಶ್ನೆ: ನಮ್ಮನೆಯವರಿಗೆ 52 ವರ್ಷ. ಚಳಿಗಾಲ ಶುರುವಾದರೆ ಮಳೆ ಹಿಡಿಯುವವರೆಗೆ ತಿಂಗಳಿಗೆರಡು ಶನಿವಾರ ಒಬ್ಬರೇ ಲಿಂಗನಮಕ್ಕಿ ಹಿನ್ನೀರಿಗೆ ಗಾಳ ಹಾಕಲು ಹೋಗುತ್ತಾರೆ. ರಾತ್ರಿಯೆಲ್ಲ ಅಲ್ಲೇ. ಫೋನ್ ಸಿಗುವುದಿಲ್ಲ. ತರುವ ಮೀನು ಒಂದು ಹೊತ್ತಿನ ಸಾರಿಗೂ ಸಾಲದು. ಕಾಡುಪ್ರಾಣಿ ಬಂದರೆ ಏನು ಗತಿ ಅಂತ ನನಗೆ ನಿದ್ದೆಯಿಲ್ಲ. ಬೇಡ ಅಂದರೆ ಮುಖ ಊದಿಸಿಕೊಳ್ಳುತ್ತಾರೆ. ತಡೆಯಲಾ? ಇಲ್ಲಾ ನಾನೂ ಜೊತೆಗೆ ಹೋಗಲಾ?
– ಹೆಸರು ಬೇಡ, ಸಾಗರ ತಾಲ್ಲೂಕು

ಉತ್ತರ: ತಂಗೀ, ನಾನೂ ಅದೇ ಜಾತಿಯವನು. ಮೀನು ಸಿಗದಿದ್ದರೂ ಯಾಕೆ ಹೋಗುತ್ತಾರೆ ಅಂತ ಮಾತ್ರ ಕೇಳಬೇಡಿ. ನಮ್ಮನೆಯವಳು ಮೂವತ್ತು ವರ್ಷ ಕೇಳಿದಳು, ನನಗೆ ಇನ್ನೂ ಉತ್ತರ ಹೊಳೆದಿಲ್ಲ.

ನೀವು ದೊಡ್ಡ ಪ್ರಾಣಿಗೆ ಹೆದರುತ್ತಿದ್ದೀರಿ. ನಾನು ಹೆದರುವುದು ಉಣುಗಿಗೆ. ಅದು ಕಚ್ಚಿದರೆ ಮಂಗನ ಕಾಯಿಲೆ ಬರುತ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾಗಿದ್ದು ನಮ್ಮ ಜಿಲ್ಲೆಯ ಕ್ಯಾಸನೂರಿನಲ್ಲಿ. 2019ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡು ಕಂಡಿದ್ದು ಮರೆತಿಲ್ಲ ಅಲ್ವಾ? ಅದು ಜೋರಾಗುವುದು ಡಿಸೆಂಬರ್‌ನಿಂದ ಮೇ ತನಕ. ಯಜಮಾನರು ದಡ ಹತ್ತುವುದೂ ಅದೇ ತಿಂಗಳುಗಳಲ್ಲಿ! ತರಗೆಲೆಯ ಮೇಲೆ ಬರೀ ಕಂಬಳಿ ಹಾಸಿ ಕೂರುವುದು ಬೇಡ. ತರಗೆಲೆಯಿಲ್ಲದ ಬಯಲು ದಡದಲ್ಲಿ ಮಡಚುವ ಕುರ್ಚಿ ಹಾಕಿಕೊಳ್ಳಲಿ. ಉದ್ದ ಪ್ಯಾಂಟು ಹಾಕಿ, ಅದರ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಲಿ. ಉಣುಗು ಹತ್ತದಂತೆ ಆಶಾ ಕಾರ್ಯಕರ್ತೆಯರು ಹಂಚುವ ಡೇಪಾ ಎಣ್ಣೆ ಹಚ್ಚಿಕೊಳ್ಳಲಿ. ಮಂಗ ಸತ್ತು ಬಿದ್ದಿದ್ದರೆ ಆ ಕಡೆಗೇ ಹೋಗಬಾರದು, ಆರೋಗ್ಯ ಇಲಾಖೆಗೆ ತಿಳಿಸಬೇಕು. ಬಂದವರ ಬಟ್ಟೆಯನ್ನು ನೇರ ಬಿಸಿನೀರಿಗೆ ಹಾಕಿ, ಅವರನ್ನು ಬಚ್ಚಲಿಗೆ ಕಳಿಸಿ. ಮುಂದಿನ ವಾರ ಹತ್ತು ದಿನದಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು ಬಂದರೆ ಕಷಾಯ ಕುದಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕಾಡಿನಂಚಿನಲ್ಲಿ ಮಲಗಿದ್ದರು ಅಂತ ಹೇಳಿ.

ಎರಡನೆಯದು ಹೂಳು. ವಿದ್ಯುತ್ತಿಗೆ ನೀರು ಬಿಟ್ಟ ಹಾಗೆ ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿಯುತ್ತದೆ. ಮುಳುಗಿದ್ದ ಬೊಡ್ಡೆಗಳು ಮೇಲೆ ಬರುತ್ತವೆ, ಮಡೇನೂರಿನ ಹಳೇ ಅಣೆಕಟ್ಟೂ ಕಾಣಿಸುತ್ತದೆ. ಒಣಗಿದ ನೆಲ ಅಂತ ಕಾಲಿಟ್ಟರೆ ಒಳಗೆ ಕೆಸರು. ಹೊಳೆಬಾಗಿಲಿನ ಆಚೆ ನಾನು ಮಧ್ಯರಾತ್ರಿ ತೊಡೆಯವರೆಗೆ ಇಳಿದೆ. ಫೋನ್ ನೀರಿಗೆ ಹೋಯಿತು. ಗಾಳದ ಕೋಲನ್ನು ಅಡ್ಡ ಹಾಕಿ, ಹೊಟ್ಟೆಯ ಮೇಲೆ ತೆವಳಿ ಬರುವಷ್ಟರಲ್ಲಿ ಬೆಳಕಾಗಿತ್ತು. ಮನೆ ಸೇರಿದ್ದು ಹನ್ನೊಂದಕ್ಕೆ. ಅಷ್ಟರಲ್ಲಿ ಪಕ್ಕದ ಮನೆಯ ಹುಡುಗರು ನನ್ನನ್ನು ಹುಡುಕುತ್ತಾ ಬೇರೆಯೇ ದಡಕ್ಕೆ, ಹಸಿರುಮಕ್ಕಿ ಕಡೆಗೆ ಹೋಗಿದ್ದರು. ಅವರದ್ದೇನು ತಪ್ಪು? ನಾನು ಹೇಳಿ ಹೋಗಿದ್ದು "ಹಿನ್ನೀರಿಗೆ" ಅಂತ ಅಷ್ಟೇ.

ಅವತ್ತಿನಿಂದ ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೂರು ವಿಷಯ ಬರೆಯದೆ ನಾನು ಗಾಡಿ ಹತ್ತುವಂತಿಲ್ಲ. ಯಾವ ದಡ, ಗಾಡಿ ಎಲ್ಲಿ ನಿಲ್ಲಿಸುತ್ತೇನೆ, ಎಷ್ಟು ಗಂಟೆಯೊಳಗೆ ಬರುತ್ತೇನೆ. ಬೆಳಿಗ್ಗೆ ಎಂಟು ದಾಟಿದರೆ ಅವಳು ಯಾರಿಗೆ ಫೋನ್ ಮಾಡಬೇಕು ಅನ್ನುವುದೂ ಮೊದಲೇ ತೀರ್ಮಾನ. ತಡೆಯುವ ಬದಲು ಇದನ್ನು ಬರೆಸಿಕೊಳ್ಳಿ. ಬರೆಯಲು ಒಪ್ಪದಿದ್ದರೆ ಬುತ್ತಿ ಕಟ್ಟಬೇಡಿ, ತಾನೇ ದಾರಿಗೆ ಬರುತ್ತಾರೆ.

ಇನ್ನೊಂದು. ಹಿನ್ನೀರಿನ ಎಷ್ಟೋ ದಡ ಶರಾವತಿ ಕಣಿವೆ ಅಭಯಾರಣ್ಯಕ್ಕೆ ಸೇರಿದೆ. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೇ ಕೇಸು. ಕೂರುವ ಜಾಗ ಯಾರದು, ಗಾಳಕ್ಕೆ ಪರವಾನಗಿ ಬೇಕಾ ಅಂತ ಅರಣ್ಯ ಇಲಾಖೆಯಲ್ಲೂ ಮೀನುಗಾರಿಕೆ ಇಲಾಖೆಯಲ್ಲೂ ಹಗಲು ಹೊತ್ತಿನಲ್ಲೇ ವಿಚಾರಿಸಲಿ. ಕೋಲು ಕಾರ್ಬನ್ನಿನದಾದರೆ ಅದರಲ್ಲಿ ಕರೆಂಟು ಹರಿಯುತ್ತದೆ. ಕರೆಂಟು ತಂತಿಯ ಕೆಳಗೆ ಎತ್ತಬಾರದು, ಗುಡುಗು ಕೇಳಿದರೆ ಕೆಳಗಿಟ್ಟು ಕಾರಿನೊಳಗೆ ಕೂರಬೇಕು. ಚೇಳು ಮೀನು ಚುಚ್ಚಿದರೆ ಕೈ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿದರೆ ಉರಿ ಇಳಿಯುತ್ತದೆ, ಹಾಗಾಗಿ ಫ್ಲಾಸ್ಕು ಬರೀ ಕಾಫಿಗಲ್ಲ.

ಜೊತೆಗೆ ಹೋಗಲಾ ಅಂದಿರಿ. ಒಮ್ಮೆ ಹೋಗಿ ಬನ್ನಿ. ನಮ್ಮನೆಯವಳೂ ಒಮ್ಮೆ ಬಂದಿದ್ದಳು. ಒಂಬತ್ತಕ್ಕೆ ಸೊಳ್ಳೆ ಅಂದಳು, ಹತ್ತಕ್ಕೆ ಚಳಿ ಅಂದಳು. ಸುಮ್ನೆ ಹಿಡಿದುಕೊಂಡಿರು ಅಂತ ಕೊಟ್ಟಿದ್ದ ಗಾಳಕ್ಕೆ ಹನ್ನೊಂದಕ್ಕೆ ಮೊಳದುದ್ದದ ಬಾಳೆ ಮೀನು ಬಿತ್ತು. ನನಗೆ ಬೆಳಗಿನವರೆಗೆ ಒಂದೂ ಇಲ್ಲ. ಅದಾದ ಮೇಲೆ ನಾನು ಅವಳನ್ನು ಕರೆದಿಲ್ಲ.