ಪದಕದ ಅಂಚು ನೋಡಿದಿರಾ?

ಪತ್ರ: ನಮ್ಮ ತಂದೆಯವರು ತೀರಿಕೊಂಡು ಬರುವ ತಿಂಗಳಿಗೆ ವರ್ಷ ತುಂಬುತ್ತದೆ. 1962ರಿಂದ 1977ರ ತನಕ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ಹವಾಲ್ದಾರರಾಗಿ ಊರಿಗೆ ಬಂದರು. ಸೈನ್ಯದಲ್ಲಿದ್ದಾಗಲೇ ಎಂಜಿನಿಯರಿಂಗಿನ ಎ.ಎಂ.ಐ.ಇ. ಪರೀಕ್ಷೆ ಪಾಸಾಗಿದ್ದರು. ಮುಂದೆ ನೀರಾವರಿ ಇಲಾಖೆ ಸೇರಿ ಕಾರಂಜಾ ಕಾಲುವೆ ಕೆಲಸ ಮಾಡಿಸಿದರು. ನಾನು ಬರೆದ ಸ್ಮರಣ ಲೇಖನವನ್ನು ತಾವು ಹಿಂದಿರುಗಿಸಿದ್ದೀರಿ. ಐದು ಪದಕ, ಡಿಸ್ಚಾರ್ಜ್ ಬುಕ್, ಒಂದು ಡೈರಿ, ಸರ್ವೆಯ ಅಳತೆ ಬರೆದ ಎರಡು ಫೀಲ್ಡ್ ಬುಕ್, ಒಂದು ಕಟ್ಟು ಪತ್ರ ಮನೆಯಲ್ಲಿವೆ. ಇನ್ನೇನು ಬೇಕಿತ್ತು? ಅವರು ಯುದ್ಧದ ಮಾತು ಮನೆಯಲ್ಲಿ ಎತ್ತಿದವರೇ ಅಲ್ಲ.
— ಓದುಗರೊಬ್ಬರು, ಭಾಲ್ಕಿ

ಉತ್ತರ: ಬೇಕಾದದ್ದೆಲ್ಲ ನಿಮ್ಮ ಮನೆಯಲ್ಲೇ ಇದೆ, ಲೇಖನಕ್ಕೆ ಬಂದಿಲ್ಲ ಅಷ್ಟೇ. 'ಎರಡು ಯುದ್ಧ ಗೆದ್ದ ವೀರಯೋಧ, ಕರ್ತವ್ಯನಿಷ್ಠ ಎಂಜಿನಿಯರ್, ಆದರ್ಶ ಗೃಹಸ್ಥ' ಎಂದು ಶುರು ಮಾಡಿದ್ದೀರಿ. ಹೆಸರು ತೆಗೆದರೆ ಈ ಸಾಲು ಯಾರ ಫೋಟೋದ ಕೆಳಗಾದರೂ ಕೂರುತ್ತದೆ.

ಮೊದಲು ಪದಕಗಳು. ನೀವು ಕಳಿಸಿದ ಚಿತ್ರದಲ್ಲಿರುವುದು ರಕ್ಷಾ ಮೆಡಲ್ 1965, 1971ರ ಪಶ್ಚಿಮ ರಂಗದ ಪಶ್ಚಿಮೀ ಸ್ಟಾರ್, ಸಂಗ್ರಾಮ್ ಮೆಡಲ್, ಸ್ವಾತಂತ್ರ್ಯದ 25ನೇ ವರ್ಷದ ಪದಕ, 9 ವರ್ಷದ ದೀರ್ಘ ಸೇವಾ ಪದಕ. 'ಶೌರ್ಯಕ್ಕಾಗಿ ಐದು ಪದಕ' ಎಂದು ನೀವು ಬರೆದದ್ದು ತಪ್ಪು. ಶೌರ್ಯದವು ಬೇರೆ: ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ, ಸೇನಾ ಮೆಡಲ್. ನಿಮ್ಮ ತಂದೆಯವರ ಐದೂ ಸೇವೆಯ ಪದಕಗಳು. ಅದರಿಂದ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ, ಅವು ಹೇಳುವ ಮಾತು ಬೇರೆ ಅಷ್ಟೇ. 25ನೇ ವರ್ಷದ್ದು 15 ಆಗಸ್ಟ್ 1972ರಂದು ನೌಕರಿಯಲ್ಲಿದ್ದವರಿಗೆಲ್ಲ ಬಂದದ್ದು. 1965ರಲ್ಲಿ ರಣರಂಗದ ಪ್ರದೇಶದಲ್ಲೇ ಸೇವೆ ಮಾಡಿದವರಿಗೆ ಸಮರ ಸೇವಾ ಸ್ಟಾರ್ ಕೊಟ್ಟಿದ್ದರು, ಅದು ನಿಮ್ಮ ಚಿತ್ರದಲ್ಲಿಲ್ಲ. ಹಾಗಾಗಿ 'ಎರಡು ಯುದ್ಧ' ಎನ್ನಬೇಡಿ. 1965ರಲ್ಲಿ ಸೈನ್ಯದಲ್ಲಿದ್ದರು, 1971ರಲ್ಲಿ ಪಶ್ಚಿಮ ರಂಗದಲ್ಲಿದ್ದರು. ಪದಕಗಳು ಸಾಕ್ಷಿ ಹೇಳುವುದು ಇಷ್ಟಕ್ಕೆ.

ಪದಕವನ್ನು ಕಿಟಕಿ ಪಕ್ಕ ಬಿಳಿ ಹಾಳೆಯ ಮೇಲಿಟ್ಟು, ಬೆಳಕು ಅಡ್ಡ ಬೀಳುವಂತೆ ತಿರುಗಿಸಿ ಅಂಚು ನೋಡಿ. ಸೈನ್ಯದ ನಂಬರು, ಹುದ್ದೆ, ಹೆಸರು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿರುತ್ತಾರೆ. ಅಲ್ಲಿರುವುದು ಪದಕ ಕೊಟ್ಟ ಕಾಲದ ಹುದ್ದೆ. 1965ರದ್ದರ ಮೇಲೆ ಸ್ಯಾಪರ್ ಎಂದೂ ಆಮೇಲಿನದರ ಮೇಲೆ ನಾಯಕ್ ಎಂದೂ ಇದ್ದರೆ ಬಡ್ತಿಯ ಕಥೆ ಅಲ್ಲೇ ಸಿಕ್ಕಿತು. ದಯವಿಟ್ಟು ಹುಣಸೆಹಣ್ಣು, ಬೂದಿ, ಪಾಲಿಶ್ ಹಚ್ಚಿ ತಿಕ್ಕಬೇಡಿ. ಹೊಳಪು ಬರುತ್ತದೆ, ಅಂಚಿನ ಅಕ್ಷರ ಸವೆಯುತ್ತದೆ. ರಿಬ್ಬನ್ನಿಗೆ ನೀರು ತಾಗಿಸಬೇಡಿ, ಬಣ್ಣ ಒಂದರೊಳಗೊಂದು ಇಳಿಯುತ್ತದೆ. ಡಿಸ್ಚಾರ್ಜ್ ಬುಕ್ ಲ್ಯಾಮಿನೇಶನ್ ಮಾಡಿಸುವ ಯೋಚನೆ ಇದೆ ಎಂದಿದ್ದೀರಿ, ಅದನ್ನೂ ಬಿಡಿ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಕಾಗದ ಹರಿಯದೆ ಬಿಡುವುದಿಲ್ಲ. ಸ್ಕ್ಯಾನ್ ಮಾಡಿಸಿ, ಹತ್ತಿಬಟ್ಟೆಯಲ್ಲಿ ಸುತ್ತಿ ಅಲಮಾರಿಯಲ್ಲಿಡಿ. ಪತ್ರಾಸಿನ ಕೆಳಗಿನ ಅಟ್ಟ ಬೇಡ, ನಮ್ಮ ಕಡೆಯ ಮೇ ತಿಂಗಳು ನಿಮಗೆ ಗೊತ್ತೇ ಇದೆ.

ಹುಟ್ಟಿದ ದಿನದ ಗೊಂದಲ ಹೈದರಾಬಾದ್ ಸಂಸ್ಥಾನದ ಕಾಲದ ಬಹಳ ಮನೆಗಳಲ್ಲಿದೆ. ಶಾಲೆಯ ಉರ್ದು ದಾಖಲೆಯಲ್ಲಿ 'ಖುರ್ದಾದ್ 1350' ಇದೆ, ಡಿಸ್ಚಾರ್ಜ್ ಬುಕ್ಕಿನಲ್ಲಿ 1-7-1943 ಇದೆ. 1350 ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ್ದು. ಸಂಸ್ಥಾನದ ಫಸಲಿ ಅಕ್ಟೋಬರಿನಲ್ಲಿ ಆಜುರ್ ತಿಂಗಳಿಂದ ಶುರುವಾಗುತ್ತಿತ್ತು. ಆಜುರ್, ದೈ, ಬಹಮನ್ ಈ ಮೊದಲ ಮೂರು ತಿಂಗಳಿಗೆ ಇಂಗ್ಲಿಷ್ ಇಸವಿ ಬೇಕಾದರೆ 590 ಕೂಡಿಸಬೇಕು, ಜನವರಿ ಆಚೆಯವಕ್ಕೆ 591. ಖುರ್ದಾದ್ ಏಳನೆಯ ತಿಂಗಳು, ಅಂದರೆ ಏಪ್ರಿಲ್ ಸುಮಾರು, 1941. ಲೇಖನದಲ್ಲಿ ಎರಡನ್ನೂ ಕೊಡಿ, 'ಸೈನ್ಯದ ದಾಖಲೆಯಂತೆ', 'ಶಾಲೆಯ ದಾಖಲೆಯಂತೆ' ಎಂದು. ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸುವ ಉಸಾಬರಿ ಬೇಡ.

ಇನ್ನು ಡೈರಿ. 'ಡಿ.ಎಸ್. 80 ಫೀಟ್' ಯಾವುದೋ ಗುಪ್ತ ಸಂಕೇತ ಎಂದುಕೊಂಡಿದ್ದೀರಿ. ಅದು ಬೇಲಿ (Bailey) ಸೇತುವೆ, ಪ್ಯಾನೆಲ್ ಎಂಬ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವಂಥದ್ದು. ಡಿ.ಎಸ್. ಅಂದರೆ ಡಬಲ್ ಸಿಂಗಲ್: ಪ್ರತಿ ಬದಿಗೆ ಪ್ಯಾನೆಲ್ಲುಗಳ ಜೋಡಿ ಸಾಲು, ಎತ್ತರಕ್ಕೆ ಒಂದೇ ಅಂತಸ್ತು. ಒಂದು ಪ್ಯಾನೆಲ್ 10 ಅಡಿ ಉದ್ದ. 80 ಅಡಿಗೆ ಎಂಟು ಕಣ, ಕಣಕ್ಕೆ ನಾಲ್ಕರಂತೆ 32 ಪ್ಯಾನೆಲ್. ಒಂದೊಂದೂ ಸುಮಾರು 260 ಕಿಲೋ, ಆರು ಜನ ಕೆಳಗೆ ಅಡ್ಡಗೋಲು ಕೊಟ್ಟು ಹೊರುತ್ತಾರೆ. ಎರಡು ಪ್ಯಾನೆಲ್ ಸೇರುವ ಜಾಗದಲ್ಲಿ ಮೇಲೊಂದು ಕೆಳಗೊಂದು ಪಿನ್. ಸೇತುವೆಯನ್ನು ಈ ದಂಡೆಯಲ್ಲೇ ಕಟ್ಟಿ, ಮುಂದೆ ಹಗುರವಾದ 'ಮೂಗು' ಜೋಡಿಸಿ, ರೋಲರ್ ಮೇಲೆ ಆಚೆ ದಂಡೆಗೆ ತಳ್ಳುತ್ತಾರೆ. ಎಡವುವುದು ಇಲ್ಲೇ. ಮೂಗು ಆಚೆ ತಾಗುವ ಮೊದಲು ಭಾರದ ಕೇಂದ್ರ ರೋಲರ್ ದಾಟಿತೋ, ಇಡೀ ಸೇತುವೆ ಮುಗ್ಗರಿಸಿ ನೀರಿಗೆ ಬೀಳುತ್ತದೆ. ಎಡಬಲದ ರೋಲರ್ ಒಂದೇ ಮಟ್ಟದಲ್ಲಿಲ್ಲದಿದ್ದರೆ ಓರೆಯಾಗಿ ಸಿಕ್ಕಿಬೀಳುತ್ತದೆ. ಅದಕ್ಕೇ ಆ ಪುಟದಲ್ಲಿ 'ರೋಲರ್ ಲೆವೆಲ್' ಎಂಬ ಮಾತಿಗೆ ಎರಡು ಗೆರೆ ಎಳೆದಿರುವುದು. ನಿಮ್ಮ ಲೇಖನ ಆ ಪುಟದಿಂದ ಶುರುವಾದರೆ ಚೆಂದ.

1971ರಲ್ಲಿ ಪಶ್ಚಿಮ ರಂಗದ ಬಸಂತರ್ ಕದನದಲ್ಲಿದ್ದರು ಎಂದು ಯಾರೋ ಹೇಳಿದ್ದಾರೆಂದು ಬರೆದಿದ್ದೀರಿ. ಡಿಸ್ಚಾರ್ಜ್ ಬುಕ್ಕಿನಲ್ಲಿರುವ ರೆಜಿಮೆಂಟ್ ಸಂಖ್ಯೆ, ಡಿಸೆಂಬರ್ 1971ರ ದಿನಾಂಕ ಎರಡೂ ಹೊಂದಿದರೆ ಮಾತ್ರ ಆ ಸಾಲು ಉಳಿಯಲಿ. ಅನುಮಾನವಿದ್ದರೆ ಸೈನಿಕ ನಂಬರು, ಹುದ್ದೆ, ಸೇರಿದ ಹಾಗೂ ಬಿಟ್ಟ ದಿನಾಂಕ, ಪಿಂಚಣಿ ಆದೇಶದ (ಪಿ.ಪಿ.ಓ.) ನಂಬರು ಕೊಟ್ಟು ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಸ್ಯಾಪರ್ಸ್) ರೆಕಾರ್ಡ್ಸ್‌ಗೆ ನಿಮ್ಮ ತಾಯಿಯವರ ಸಹಿಯಲ್ಲಿ ಬರೆಯಿರಿ. ತಾಯಿಯವರ ಹೆಸರು ಸೈನ್ಯದ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಲಿ. ಆಧಾರಿನಲ್ಲಿ ಒಂದು, ಅಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಇನ್ನೊಂದು ಮಾತು: 16 ಡಿಸೆಂಬರ್ ಢಾಕಾದ ಶರಣಾಗತಿಯ ದಿನ. ಪಶ್ಚಿಮದಲ್ಲಿ ಗುಂಡು ನಿಂತದ್ದು 17ರ ರಾತ್ರಿ 8ಕ್ಕೆ. ಸ್ಯಾಪರ್‌ಗಳಿಗೆ ಅಷ್ಟಕ್ಕೇ ಬಿಡುವಿಲ್ಲ, ನೆಲದಲ್ಲಿ ಹುಗಿದ ಮೈನುಗಳನ್ನು ಕೀಳುವ ಕೆಲಸ ಆಮೇಲಿನದು. 1972ರ ಪುಟಗಳನ್ನು ನೀವು 'ಶಾಂತಿಯ ದಿನಗಳು' ಎಂದು ಹಾರಿಸಿದ್ದೀರಿ. ಮತ್ತೊಮ್ಮೆ ಓದಿ.

ಕಾರಂಜಾ ಭಾಗಕ್ಕೆ ಫೀಲ್ಡ್ ಬುಕ್ ಸಾಕು. ಪ್ರತಿ ಪುಟದ ತಲೆಯಲ್ಲಿ ದಿನಾಂಕ, ಜಾಗ, ಬೆಂಚ್ ಮಾರ್ಕ್ (ಮಟ್ಟ ಗೊತ್ತಿರುವ ಗುರುತು) ಇರುತ್ತದೆ; ಯಾವ ದಿನ ಎಲ್ಲಿದ್ದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಪುಟದ ಅಡಿಯ ಸಣ್ಣ ಲೆಕ್ಕ ನೋಡಿ: ಬ್ಯಾಕ್ ಸೈಟ್ (ಹಿಂದಿನ ಜಾಗದ ಓದು) ಮೊತ್ತದಿಂದ ಫೋರ್ ಸೈಟ್ (ಮುಂದಿನ ಜಾಗದ ಓದು) ಮೊತ್ತ ಕಳೆದದ್ದು, ಕೊನೆಯ ಮಟ್ಟದಿಂದ ಮೊದಲಿನ ಮಟ್ಟ ಕಳೆದದ್ದು. ಎರಡೂ ಒಂದೇ ಬಂದರೆ ಕೂಡಿದ್ದು ಕಳೆದದ್ದು ಸರಿ. ನೀವು ಕಳಿಸಿದ ಆರು ಪುಟದಲ್ಲೂ ಈ ತಾಳೆ ಇದೆ. 'ಕರ್ತವ್ಯನಿಷ್ಠ' ಎಂಬ ಪದದ ಜಾಗಕ್ಕೆ ಇದನ್ನು ಬರೆಯಿರಿ. 'ಸಿ.ಎನ್.ಎಸ್.' ಅಂದರೆ ಉಬ್ಬದ ಅಂಟುಮಣ್ಣು, ಎರಿ (ಕಪ್ಪು) ಮಣ್ಣಿನ ಔಷಧ. ಎರಿ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಕಾಲುವೆಯ ಒಳಹೊದಿಕೆ (ಲೈನಿಂಗ್) ಎದ್ದು ಒಡೆಯುತ್ತದೆ. ಅದಕ್ಕೆ ಎರಿಯನ್ನು ಹೆಚ್ಚು ಆಳಕ್ಕೆ ತೆಗೆದು, ಉಬ್ಬದ ಮೊರಂ ತುಂಬಿ, ಪದರ ಪದರವಾಗಿ ದಮ್ಮಸು ಮಾಡಿ, ಆಮೇಲೆ ಲೈನಿಂಗ್ ಹಾಕುತ್ತಾರೆ. (ಇಲಾಖೆಯ ಅಳತೆ ಪುಸ್ತಕ, ಎಂ.ಬಿ., ಮನೆಯಲ್ಲಿ ಸಿಕ್ಕರೆ ಅದು ಸರಕಾರದ ಸೊತ್ತು, ನಮಗೆ ಕಳಿಸಬೇಡಿ!)

ಯುದ್ಧದ ಮಾತು ಎತ್ತದವರ ಸಂಸಾರ ಪತ್ರಗಳಲ್ಲಿರುತ್ತದೆ. 'ಮಾರ್ಫತ್ 56 ಎ.ಪಿ.ಓ.' (ಸೈನ್ಯದ ಅಂಚೆ ಕಚೇರಿ) ಎಂದಿರುವುದು ಪಶ್ಚಿಮ ಕಡೆಯ ವಿಳಾಸ, ಪಶ್ಚಿಮೀ ಸ್ಟಾರ್‌ಗೂ ಹೊಂದುತ್ತದೆ. ಒಳಗೆ ತಾರೀಖು ಬರೆಯದಿದ್ದರೂ ಅಂಚೆ ಮುದ್ರೆಯಲ್ಲಿರುತ್ತದೆ. ಮಸಿ ಮಾಸಿದ್ದರೆ ಫೋನಿನಲ್ಲಿ ಚಿತ್ರ ತೆಗೆದು ಹಿಗ್ಗಿಸಿ ನೋಡಿ. ತಾಯಿಯವರಿಗೆ 'ಅಪ್ಪ ಹ್ಯಾಂಗಿದ್ರು?' ಎಂದು ಕೇಳಿದರೆ 'ಛಲೋ ಇದ್ರಪ್ಪಾ' ಎಂದಷ್ಟೇ ಬರುತ್ತದೆ. 'ಅವ್ವಾ, ತಿಂಗಳಾ ಮನಿ ಆರ್ಡರ್ ಎಷ್ಟ್ ಬರ್ತಿತ್ತು? ಯಾರ ಕೈಲಿ ಓದಿಸ್ತಿದ್ದಿ ಕಾಗದಾ? ಎ.ಎಂ.ಐ.ಇ. ಪುಸ್ತಕ ರಜಾಕ್ಕ ಬಂದಾಗ ತರ್ತಿದ್ರೇನ?' ಎಂದು ಕೇಳಿ. ಒಂದೇ ಸಲಕ್ಕೆ ಮುಗಿಸಬೇಡಿ, ಎರಡು ಮೂರು ಸಂಜೆ ಕೂತು ಕೇಳಿ.

ಆರುನೂರು ಪದ ಸಾಕು. ಜೊತೆಗೆ ಡೈರಿಯ ಆ ಒಂದು ಪುಟದ ಸ್ಕ್ಯಾನ್, ಒಂದು ಪದಕದ ಅಂಚಿನ ಚಿತ್ರ ಇರಲಿ. ಸೈನಿಕ ನಂಬರು, ಪಿ.ಪಿ.ಓ. ನಂಬರು ಕಾಣುವಲ್ಲಿ ಕಾಗದದ ಚೂರು ಮುಚ್ಚಿ ಚಿತ್ರ ತೆಗೆಯಿರಿ. ಅಸಲು ಯಾವುದನ್ನೂ ಅಂಚೆಗೆ ಹಾಕಬೇಡಿ.
— ಸಂ.